ವಾರದ ಹೆಸರುಗಳಲ್ಲಿ ಅಡಗಿದ ಹಳೆಯ ದೇವತೆಗಳು

ಒಂದು ಮತವು ಅಳಿದುಹೋದರೆ ಅದರ ದೇವತೆಗಳು ಏನಾಗುತ್ತಾರೆ? ಗುಡಿಗಳು ಬೀಳುತ್ತವೆ, ಪುರೋಹಿತರ ಪರಂಪರೆ ನಿಲ್ಲುತ್ತದೆ, ಸ್ತೋತ್ರಗಳು ಮರೆತುಹೋಗುತ್ತವೆ. ಆದರೂ ಜನರಿಗೆ ಅರಿವಿಲ್ಲದೆಯೇ ಆ ಮತದ ಕೆಲವು ಅಂಶಗಳು ಅವರ ನಿತ್ಯಜೀವನದಲ್ಲಿ ಉಳಿದುಕೊಳ್ಳುತ್ತವೆ. ಕ್ರೈಸ್ತಮತವು ಹರಡುವುದಕ್ಕೆ ಮೊದಲು ಯೂರೋಪಿನ ಉತ್ತರ ಮತ್ತು ಪಶ್ಚಿಮ ಭಾಗಗಳಲ್ಲಿ ನೆಲಸಿದ್ದ ನಾರ್ಸ್ ಮತ್ತು ಕೆಲ್ಟ್ ಜನರ ಪರಂಪರೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳಲ್ಲಿ ನಿಜವಾಗಿ ಉಳಿದಿರುವುದೇನು, ಉಳಿದಿದೆಯೆಂದು ಜನರು ಕಲ್ಪಿಸಿಕೊಂಡಿರುವುದೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಯಾರು ಈ ಜನರು?

ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮತ್ತು ಐಸ್‌ಲೆಂಡುಗಳ ಪ್ರಾಚೀನ ಜನರನ್ನು ನಾರ್ಸ್ ಜನರೆಂದು ಕರೆಯುತ್ತಾರೆ. ಓಡಿನ್, ಥಾರ್, ಟೀರ್, ಫ್ರಿಗ್, ಫ್ರೇಯಾ ಮುಂತಾದವರು ಅವರ ದೇವತೆಗಳು. ಇಂಗ್ಲೆಂಡಿಗೆ ವಲಸೆ ಬಂದ ಆಂಗ್ಲೋ-ಸ್ಯಾಕ್ಸನ್ ಜನರು ಇವರ ದಾಯಾದಿಗಳು. ಓಡಿನ್ ಅವರ ಬಾಯಲ್ಲಿ ವೋಡೆನ್ ಆಗಿದ್ದನು. ಟೀರ್, ಟಿವ್ ಆಗಿದ್ದನು. ಕೆಲ್ಟರು ಇವರಿಗಿಂತ ಬೇರೆಯಾದ ಭಾಷಾವರ್ಗಕ್ಕೆ ಸೇರಿದವರು. ಒಂದು ಕಾಲದಲ್ಲಿ ಇಂದಿನ ಫ್ರಾನ್ಸಿನಿಂದ ಐರ್ಲೆಂಡಿನವರೆಗೆ ಹರಡಿದ್ದ ಅವರ ಭಾಷೆಗಳು ಈಗ ಐರ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಮತ್ತು ಬ್ರಿಟನಿ ಪ್ರಾಂತಗಳಲ್ಲಿ ಮಾತ್ರ ಜೀವಂತವಾಗಿವೆ. ಕೆಲ್ಟರ ಪುರೋಹಿತರಿಗೆ ಡ್ರೂಯಿಡರೆಂದು ಹೆಸರು. ಅವರು ತಮ್ಮ ವಿದ್ಯೆಯನ್ನು ಬರೆದಿಡದೆ, ಕೆಲವರು ಇಪ್ಪತ್ತು ವರ್ಷಗಳವರೆಗೂ ಬಾಯಿಪಾಠದಿಂದಲೇ ಕಲಿಯುತ್ತಿದ್ದರೆಂದು ರೋಮನ್ ಸೇನಾನಿ ಜೂಲಿಯಸ್ ಸೀಸರನು ತಿಳಿಸಿದ್ದಾನೆ. ವೇದಗಳು ನಮ್ಮಲ್ಲಿ ಉಳಿದುಬಂದ ಬಗೆ ಇದೇ. ಆದರೆ ಡ್ರೂಯಿಡರ ಗುರುಶಿಷ್ಯ ಪರಂಪರೆ ನಡುವೆ ಕಡಿದುಹೋದುದರಿಂದ ಅವರ ವಿದ್ಯೆ ಅವರೊಡನೆಯೇ ಅಳಿಯಿತು.

ಮಂಗಳನಿಂದ ಶುಕ್ರನವರೆಗೆ

ಇಂಗ್ಲಿಷಿನ ವಾರದ ಹೆಸರುಗಳನ್ನು ನಾವು ದಿನವೂ ಬಳಸುತ್ತೇವೆ. ಟ್ಯೂಸ್‌ಡೇ ಎಂದರೆ ಟಿವ್ ದೇವನ ದಿನ. ವೆಡ್ನೆಸ್‌ಡೇ ವೋಡೆನನ ದಿನ. ಥರ್ಸ್‌ಡೇ ಥಾರನ ದಿನ. ಫ್ರೈಡೇ ಫ್ರಿಗ್ ದೇವಿಯ ದಿನ. ಹಾಗಾದರೆ ಇದೇ ದಿನಗಳಿಗೆ ನಾವು ಮಂಗಳ, ಬುಧ, ಗುರು, ಶುಕ್ರ ಎಂದು ಗ್ರಹಗಳ ಹೆಸರನ್ನಿಟ್ಟಿರುವುದೇಕೆ? ಇವೆರಡಕ್ಕೂ ಸಂಬಂಧವುಂಟೆ?

ಉಂಟು. ಪ್ರಾಚೀನರು ಆಕಾಶದಲ್ಲಿ ಚಲಿಸುವ ಏಳು ಜ್ಯೋತಿಗಳನ್ನು, ನಿಧಾನವಾಗಿ ಚಲಿಸುವುದು ಮೊದಲು ಎಂಬ ಕ್ರಮದಲ್ಲಿ, ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ ಎಂದು ಜೋಡಿಸಿದ್ದರು. ದಿನದ 24 ಹೋರೆಗಳಿಗೆ, ಅಂದರೆ ಗಂಟೆಗಳಿಗೆ, ಇವರು ಸರದಿಯಂತೆ ಅಧಿಪತಿಗಳು. ಮೊದಲನೆಯ ಹೋರೆಯ ಅಧಿಪತಿಯ ಹೆಸರೇ ಆ ದಿನಕ್ಕೆ. ಶನಿವಾರದ ಮೊದಲನೆಯ ಹೋರೆ ಶನಿಯದು. ಏಳರ ಸುತ್ತು ಮೂರು ಬಾರಿ ಮುಗಿದರೆ 21 ಹೋರೆಗಳಾಗುತ್ತವೆ. 22ನೆಯದು ಮತ್ತೆ ಶನಿಗೆ, 23ನೆಯದು ಗುರುವಿಗೆ, 24ನೆಯದು ಮಂಗಳನಿಗೆ ಸಲ್ಲುತ್ತದೆ. ಮರುದಿನದ ಮೊದಲನೆಯ ಹೋರೆ ರವಿಯದು. ಆದುದರಿಂದ ಅದು ರವಿವಾರ. ರವಿಯಿಂದ ಹೀಗೆಯೇ ಮೂರು ಸ್ಥಾನ ಮುಂದೆ ಎಣಿಸಿದರೆ ಚಂದ್ರನು, ಅಲ್ಲಿಂದ ಮೂರು ಸ್ಥಾನ ಮುಂದೆ ಮಂಗಳನು ದೊರೆಯುತ್ತಾರೆ. 24ನ್ನು 7ರಿಂದ ಭಾಗಿಸಿದಾಗ ಉಳಿಯುವ 3 ಎಂಬ ಶೇಷವೇ ವಾರದ ಕ್ರಮವನ್ನು ನಿರ್ಧರಿಸಿದೆ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು.

ಕ್ರಿಸ್ತಶಕದ ಆರಂಭದ ಸುಮಾರಿನಲ್ಲಿ ಗ್ರೀಕರ ಮತ್ತು ಈಜಿಪ್ಟಿನವರ ಜ್ಯೋತಿಷದಿಂದ ಮೂಡಿದ ಈ ಪದ್ಧತಿ ಎರಡು ದಿಕ್ಕುಗಳಿಗೆ ಪಯಣ ಮಾಡಿತು. ಪೂರ್ವದಲ್ಲಿ ಅದು ಭಾರತಕ್ಕೆ ಬಂದಿತು. 499ರ ಕಾಲದ ‘ಆರ್ಯಭಟೀಯ’ದಲ್ಲಿ ಹೋರಾಧಿಪತಿಗಳ ಈ ಕ್ರಮವನ್ನು ಹೇಳಿದೆ. ಮಧ್ಯಪ್ರದೇಶದ ಏರಣ್ ಎಂಬಲ್ಲಿರುವ, 484ಕ್ಕೆ ಸೇರಿದ ಬುಧಗುಪ್ತನ ಕಾಲದ ಶಾಸನವು ವಾರವನ್ನು ಹೆಸರಿಸುವ ನಮ್ಮ ಅತ್ಯಂತ ಹಳೆಯ ಶಾಸನಗಳಲ್ಲೊಂದು. ಅದರಲ್ಲಿ ಉಕ್ತವಾಗಿರುವುದು ಗುರುವಾರ. ಪಶ್ಚಿಮದಲ್ಲಿ ರೋಮನರು ಗ್ರಹಗಳಿಗೆ ತಮ್ಮ ದೇವತೆಗಳ ಹೆಸರನ್ನಿಟ್ಟಿದ್ದರು. ಅವರ ನೆರೆಯಲ್ಲಿದ್ದ ಉತ್ತರದ ಜನರು ಆ ದೇವತೆಗಳ ಸ್ಥಾನದಲ್ಲಿ ತಮ್ಮವರನ್ನು ಕುಳ್ಳಿರಿಸಿದರು. ಯುದ್ಧದೇವನಾದ ಮಾರ್ಸ್‌ನ ಸ್ಥಾನಕ್ಕೆ ಟಿವ್ ಬಂದನು. ಸಿಡಿಲನ್ನು ಹಿಡಿದ ಜೂಪಿಟರನ ಸ್ಥಾನಕ್ಕೆ ಸುತ್ತಿಗೆ ಹಿಡಿದ ಥಾರ್. ಸತ್ತವರ ಆತ್ಮಗಳಿಗೆ ದಾರಿ ತೋರುವ ಮರ್ಕ್ಯುರಿಯ ಸ್ಥಾನಕ್ಕೆ ವೋಡೆನ್. ವೀನಸಳ ಸ್ಥಾನಕ್ಕೆ ಫ್ರಿಗ್. ನಮ್ಮ ಗುರುವಾರವೂ ಥಾರನ ದಿನವೂ ಒಂದೇ ಬೇರಿನಿಂದ ಒಡೆದ ಎರಡು ಕವಲುಗಳು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಟಿವ್ ಎಂಬ ಹೆಸರು ಮತ್ತು ಸಂಸ್ಕೃತದ ‘ದೇವ’ ಶಬ್ದ ಒಂದೇ ಮೂಲದಿಂದ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಸ್ಕಾಂಡಿನೇವಿಯದ ಭಾಷೆಗಳಲ್ಲಿ ಶನಿವಾರಕ್ಕೆ ಯಾವ ದೇವತೆಯ ಹೆಸರೂ ಇಲ್ಲ. ಅದರ ಮೂಲಾರ್ಥ ‘ಸ್ನಾನದ ದಿನ’. ಶನಿವಾರದ ಎಣ್ಣೆಸ್ನಾನವನ್ನು ಬಲ್ಲ ನಮ್ಮ ಓದುಗರು ಇದನ್ನು ಕೇಳಿ ನಗಬಹುದು. ಎಲ್ಲಕ್ಕಿಂತ ವಿಚಿತ್ರವಾದುದು ಐಸ್‌ಲೆಂಡಿನ ಸಂಗತಿ. ಅಲ್ಲಿನ ಸ್ನೋರಿ ಸ್ಟುರ್ಲುಸನ್ ಎಂಬ ವಿದ್ವಾಂಸನು 1220ರ ಸುಮಾರಿನಲ್ಲಿ ರಚಿಸಿದ ‘ಎಡ್ಡ’ ಇಲ್ಲದಿದ್ದರೆ ನಾರ್ಸ್ ಪುರಾಣಗಳಲ್ಲಿ ಬಹುಪಾಲು ನಮಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಅದೇ ದೇಶದ ವಾರದ ಹೆಸರುಗಳಲ್ಲಿ ಥಾರನೂ ಇಲ್ಲ, ಓಡಿನನೂ ಇಲ್ಲ! ಹನ್ನೆರಡನೆಯ ಶತಮಾನದ ಆದಿಯಲ್ಲಿ ಒಬ್ಬ ಬಿಷಪ್ಪನು ಅವುಗಳನ್ನು ಬಿಡಿಸಿ ‘ಮೂರನೆಯ ದಿನ’, ‘ವಾರದ ನಡುವಿನ ದಿನ’, ‘ಐದನೆಯ ದಿನ’ ಎಂಬ ಹೆಸರುಗಳನ್ನು ರೂಢಿಗೆ ತಂದನೆಂದು ಪ್ರತೀತಿ. ಕಥೆಗಳನ್ನು ಕಾಪಾಡಿದವರು ಹೆಸರುಗಳನ್ನು ಬಿಟ್ಟರು. ಕಥೆಗಳನ್ನು ಮರೆತ ಇಂಗ್ಲಿಷರು ಹೆಸರುಗಳನ್ನು ಉಳಿಸಿಕೊಂಡರು.

ರಾತ್ರಿಯಿಂದ ಮೊದಲಾಗುವ ದಿನ

ಕೆಲ್ಟರು ಕಾಲವನ್ನು ಹಗಲುಗಳಿಂದಲ್ಲ, ರಾತ್ರಿಗಳಿಂದ ಎಣಿಸುತ್ತಿದ್ದರೆಂದು ಸೀಸರನು ಬರೆದಿದ್ದಾನೆ. ಅವರ ದಿನ ಸೂರ್ಯಾಸ್ತಕ್ಕೆ ಮೊದಲಾಗುತ್ತಿತ್ತು. ಐರ್ಲೆಂಡಿನಲ್ಲಿ ನಾಲ್ಕು ದೊಡ್ಡ ಹಬ್ಬಗಳಿದ್ದವು: ನವೆಂಬರ್ 1ರ ಸೌನ್, ಫೆಬ್ರವರಿ 1ರ ಇಂಬೋಲ್ಕ್, ಮೇ 1ರ ಬ್ಯಾಲ್ಟಿನೆ, ಆಗಸ್ಟ್ 1ರ ಲೂನಸ. ಇವು ಅಯನ ಮತ್ತು ವಿಷುವ ದಿನಗಳ ನಡುವೆ, ಸರಿಯಾದ ಮಧ್ಯಬಿಂದುವಿಗೆ ಕೆಲವು ದಿನ ಮೊದಲು ಬರುತ್ತವೆ. ಇವುಗಳ ಹಿಂದಿದ್ದುದು ಪಶುಪಾಲಕರ ಬದುಕು. ಮೇ ತಿಂಗಳಲ್ಲಿ ದನಗಳನ್ನು ಬೇಸಗೆಯ ಹುಲ್ಲುಗಾವಲಿಗೆ ಅಟ್ಟುವರು. ನವೆಂಬರಿನಲ್ಲಿ ಚಳಿಗೆ ಮೊದಲು ಹಿಂದಕ್ಕೆ ತರುವರು. ಬ್ಯಾಲ್ಟಿನೆಯಂದು ರೋಗ ತಗಲದಿರಲೆಂದು ದನಗಳನ್ನು ಎರಡು ಬೆಂಕಿಗಳ ನಡುವೆ ಹಾಯಿಸುತ್ತಿದ್ದರು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಇದು ಹೊಸದೆನಿಸದು. ಆದರೆ ಹೋಲಿಕೆಯಿರುವಲ್ಲೆಲ್ಲ ನಂಟು ಇರಬೇಕೆಂಬ ನಿಯಮವಿಲ್ಲ. ದನಗಳನ್ನು ನಂಬಿ ಬಾಳುವ ಜನರು ಎಲ್ಲಿದ್ದರೂ ಬೆಂಕಿಯನ್ನು ರಕ್ಷಕನೆಂದು ಭಾವಿಸಬಹುದು.

ಈ ಹಬ್ಬಗಳು ಇಂದಿಗೂ ಅಳಿದಿಲ್ಲ. ಐರಿಷ್ ಭಾಷೆಯಲ್ಲಿ ಮೇ, ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳ ಹೆಸರುಗಳು ಇವೇ. ಸೌನ್ ಹಬ್ಬದ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆಯುವುದೆಂಬ ನಂಬಿಕೆಯಿತ್ತು. ಕ್ರೈಸ್ತರು ಸಕಲ ಸಂತರ ಹಬ್ಬವನ್ನು ಅದೇ ನವೆಂಬರ್ 1ರಂದು ಆಚರಿಸಿದುದರಿಂದ ಹಿಂದಿನ ಸಂಜೆ ‘ಹ್ಯಾಲೋವೀನ್’ ಎನಿಸಿತು. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಜನರು ಅಮೆರಿಕೆಗೆ ವಲಸೆ ಹೋದ ಮೇಲೆ ಅಲ್ಲಿ ಸುಲಭವಾಗಿ ದೊರೆಯುವ ಕುಂಬಳಕಾಯಿಯನ್ನು ಹಿಡಿದರು. ಇಂಬೋಲ್ಕ್ ಹಬ್ಬವು ಸಂತ ಬ್ರಿಜಿಡಳ ದಿನವಾಯಿತು. 2023ರಿಂದ ಐರ್ಲೆಂಡಿನಲ್ಲಿ ಅದರ ಹೆಸರಿನಲ್ಲಿ ಸಾರ್ವತ್ರಿಕ ರಜೆಯೂ ಇದೆ. ನಾರ್ಸ್ ಜನರ ಚಳಿಗಾಲದ ‘ಯೂಲ್’ ಹಬ್ಬದ ಕಥೆಯೂ ಇಂಥದೇ. ಹತ್ತನೆಯ ಶತಮಾನದಲ್ಲಿ ನಾರ್ವೆಯ ದೊರೆ ಹೋಕನ್ ಅದನ್ನು ಕ್ರಿಸ್ಮಸಿನ ದಿನಕ್ಕೆ ಸೇರಿಸಿದನೆಂದು ಸ್ನೋರಿ ಹೇಳುತ್ತಾನೆ. ಸ್ಕಾಂಡಿನೇವಿಯದಲ್ಲಿ ಕ್ರಿಸ್ಮಸಿಗೆ ಇಂದಿಗೂ ಅದೇ ಹೆಸರು. ಡಿಸೆಂಬರಿನ ಅಯನದಂದು ಐಸ್‌ಲೆಂಡಿನ ರಾಜಧಾನಿಯಲ್ಲಿ ಹಗಲು ಸುಮಾರು ನಾಲ್ಕೇ ಗಂಟೆ. ಅಂಥಲ್ಲಿ ಸೂರ್ಯನು ಮರಳುವ ಕಾಲವನ್ನು ಜನರು ಮರೆಯುವುದೆಂತು?

ಕಂಚಿನ ಪಂಚಾಂಗ

1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬಲ್ಲಿ ಒಂದು ಕಂಚಿನ ಫಲಕದ ಅನೇಕ ಚೂರುಗಳು ದೊರೆತವು. ಸೇರಿಸಿ ನೋಡಿದಾಗ ಅದು ಕ್ರಿ. ಶ. ಎರಡನೆಯ ಶತಮಾನದ ಕೆಲ್ಟ್ ಪಂಚಾಂಗವೆಂದು ತಿಳಿದುಬಂದಿತು. ಲಿಪಿ ಲ್ಯಾಟಿನ್, ಭಾಷೆ ಮಾತ್ರ ಗಾಲ್ ದೇಶದ ಕೆಲ್ಟರದು. ತಿಂಗಳುಗಳಿಗೆ 29 ಅಥವಾ 30 ದಿನಗಳು. ಐದು ವರ್ಷಗಳಲ್ಲಿ 60ರ ಬದಲು 62 ತಿಂಗಳುಗಳು. ಹೆಚ್ಚಿನ ಆ ಎರಡು, ನಮ್ಮ ಅಧಿಕಮಾಸಗಳೇ ಸರಿ!

ಲೆಕ್ಕವನ್ನು ಪರೀಕ್ಷಿಸೋಣ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನಗಳು. 62 ತಿಂಗಳಿಗೆ ಸುಮಾರು 1,831 ದಿನಗಳಾಗುತ್ತವೆ. ಐದು ಸೌರವರ್ಷಗಳಿಗೆ 1,826 ದಿನಗಳು. ವ್ಯತ್ಯಾಸ ಐದು ದಿನಗಳಿಗಿಂತ ತುಸು ಕಡಿಮೆ. 30 ವರ್ಷಗಳಲ್ಲಿ ಇದು ಬೆಳೆದು ಸುಮಾರು 28 ದಿನಗಳಾಗುತ್ತದೆ. ಆಗ ಒಂದು ಅಧಿಕಮಾಸವನ್ನು ಕೈಬಿಟ್ಟರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುವುದು. ಡ್ರೂಯಿಡರು 30 ವರ್ಷಗಳ ಒಂದು ಯುಗವನ್ನು ಎಣಿಸುತ್ತಿದ್ದರೆಂದು ರೋಮಿನ ಪ್ಲಿನಿಯು ಬರೆದಿರುವುದನ್ನು ಇಲ್ಲಿ ನೆನೆಯಬಹುದು. ನಮ್ಮ ‘ವೇದಾಂಗ ಜ್ಯೋತಿಷ’ದಲ್ಲಿಯೂ ಐದು ವರ್ಷಗಳ ಯುಗವಿದೆ, ಅದರಲ್ಲಿಯೂ 62 ಚಾಂದ್ರಮಾಸಗಳೇ. ಒಬ್ಬರಿಂದ ಇನ್ನೊಬ್ಬರು ಕಲಿತರೆಂದು ಹೇಳಲು ಇದಿಷ್ಟೇ ಸಾಲದು. ಎರಡು ಜನಾಂಗಗಳಿಗೂ ಚಂದ್ರನೊಬ್ಬನೇ, ಸೂರ್ಯನೊಬ್ಬನೇ; ಒಂದೇ ಸಮಸ್ಯೆಯನ್ನು ಬಿಡಿಸಹೊರಟವರು ಒಂದೇ ಉತ್ತರಕ್ಕೆ ಬರಬಹುದು.

ಪ್ರಯೋಗಶಾಲೆಯಲ್ಲಿ ಥಾರ್

ಹೊಸ ವಿಜ್ಞಾನವೂ ಹಳೆಯ ಹೆಸರುಗಳನ್ನು ಬೇಡವೆನ್ನಲಿಲ್ಲ. ನಾರ್ವೆಯ ಒಂದು ಖನಿಜದಲ್ಲಿ 1828ರಲ್ಲಿ ಹೊಸ ಧಾತುವನ್ನು ಗುರುತಿಸಿದ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಥಾರನ ಹೆಸರಿನಿಂದ ಥೋರಿಯಂ ಎಂದು ಕರೆದನು. 1830ರಲ್ಲಿ ಸೆಫ್‌ಸ್ಟ್ರೋಮ್ ಇನ್ನೊಂದು ಧಾತುವಿಗೆ ಫ್ರೇಯಾ ದೇವಿಯ ವನಾದಿಸ್ ಎಂಬ ಹೆಸರಿನಿಂದ ವನೇಡಿಯಂ ಎಂದು ಹೆಸರಿಟ್ಟನು. ಕೇರಳದ ಕಡಲತೀರದ ಮರಳಿನಲ್ಲಿ ಥೋರಿಯಂ ಹೇರಳವಾಗಿದೆ. ಭಾರತದ ಪರಮಾಣುಶಕ್ತಿ ಯೋಜನೆಯ ಮೂರನೆಯ ಹಂತಕ್ಕೆ ಅದೇ ಆಧಾರವಾಗಬೇಕೆಂದು ಹೋಮಿ ಭಾಭಾ ಅವರು ಯೋಚಿಸಿದ್ದರು.

ಕಾಲವನ್ನು ಹೇಳುವ ಇಂಗಾಲ

ಇನ್ನು ಕಲ್ಪಿತವಾದುದನ್ನು ನೋಡೋಣ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಬೃಹತ್ ಶಿಲಾವೃತ್ತವು ಡ್ರೂಯಿಡರ ದೇವಾಲಯವೆಂದು 1740ರಲ್ಲಿ ವಿಲಿಯಂ ಸ್ಟ್ಯೂಕ್ಲಿ ಬರೆದನು. ಬಹುಕಾಲ ಜನರು ಅದನ್ನು ನಂಬಿದರು. ಇದನ್ನು ತೀರ್ಮಾನಿಸಿದ್ದು ಭೌತವಿಜ್ಞಾನ. ಜೀವಿಗಳು ಸತ್ತ ಮೇಲೆ ಅವುಗಳಲ್ಲಿರುವ ವಿಕಿರಣಶೀಲ ಇಂಗಾಲ-14, 5,730 ವರ್ಷಗಳಿಗೆ ಅರ್ಧದಷ್ಟಾಗುತ್ತದೆ. ಈ ತತ್ತ್ವದಿಂದ ಕಾಲನಿರ್ಣಯ ಮಾಡುವ ವಿಧಾನವನ್ನು ರೂಪಿಸಿದ ವಿಲ್ಲರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸ್ಟೋನ್‌ಹೆಂಜನ್ನು ಕಟ್ಟಿದವರು ನೆಲ ಅಗೆಯಲು ಜಿಂಕೆಯ ಕೊಂಬುಗಳನ್ನು ಬಳಸಿ ಅಲ್ಲಿಯೇ ಬಿಟ್ಟಿದ್ದರು. ಡ್ರೂಯಿಡರ ಕಾಲದಲ್ಲಿ, ಅಂದರೆ ಸುಮಾರು 2,200 ವರ್ಷಗಳ ಹಿಂದೆ, ಅದನ್ನು ಕಟ್ಟಿದ್ದರೆ ಆ ಕೊಂಬುಗಳಲ್ಲಿ ಮೊದಲಿನ ಇಂಗಾಲ-14ರಲ್ಲಿ ನೂರಕ್ಕೆ 77 ಪಾಲು ಉಳಿದಿರಬೇಕು. 4,500 ವರ್ಷಗಳಾಗಿದ್ದರೆ 58 ಪಾಲು. ಪರೀಕ್ಷೆಗಳು ಎರಡನೆಯದನ್ನೇ ಸಮರ್ಥಿಸಿದವು. ದೊಡ್ಡ ಕಲ್ಲುಗಳು ನಿಂತದ್ದು ಕ್ರಿ. ಪೂ. 2500ರ ಸುಮಾರಿನಲ್ಲಿ. ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿ ಇನ್ನೂ ಪ್ರಾಚೀನ, ಅದು ಕ್ರಿ. ಪೂ. 3200ರ ಸುಮಾರಿನದು. ಡಿಸೆಂಬರಿನ ಅಯನದ ಬೆಳಗ್ಗೆ ಸೂರ್ಯಕಿರಣವು ಅದರ ಬಾಗಿಲ ಮೇಲಿನ ಕಿಂಡಿಯಿಂದ ಒಳಹೊಕ್ಕು ಗರ್ಭವನ್ನು ಬೆಳಗುವುದನ್ನು 1967ರಲ್ಲಿ ಪುರಾತತ್ತ್ವಜ್ಞ ಮೈಕೇಲ್ ಓಕೆಲಿ ಕಣ್ಣಾರೆ ಕಂಡರು. ಕಟ್ಟಿದವರ ಜಾಣ್ಮೆ ಆಶ್ಚರ್ಯಕರ. ಆದರೆ ಅವರು ಕೆಲ್ಟರಲ್ಲ.

ವೈಕಿಂಗರ ಕೊಂಬಿನ ಶಿರಸ್ತ್ರಾಣವೂ ಇಂಥದೇ ಕಲ್ಪನೆ. ನಾರ್ವೆಯ ಗ್ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ದೊರೆತ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬುಗಳಿಲ್ಲ. ಜನರ ಮನಸ್ಸಿನಲ್ಲಿ ಆ ಕೊಂಬುಗಳನ್ನು ನೆಲೆಗೊಳಿಸಿದ್ದು ಹತ್ತೊಂಬತ್ತನೆಯ ಶತಮಾನದ ಚಿತ್ರಗಳು ಮತ್ತು 1876ರಲ್ಲಿ ವಾಗ್ನರನ ಗೀತನಾಟಕಕ್ಕಾಗಿ ಸಿದ್ಧಪಡಿಸಿದ ವೇಷಭೂಷಣಗಳು. ವೇಲ್ಸಿನ ಸಾಹಿತ್ಯೋತ್ಸವದಲ್ಲಿ ನಡೆಯುವ ಡ್ರೂಯಿಡ್ ಸಮಾರಂಭವನ್ನು 1792ರಲ್ಲಿ ಲಂಡನ್ನಿನ ಒಂದು ಗುಡ್ಡದ ಮೇಲೆ ಆರಂಭಿಸಿದವನು ಇಯೋಲೋ ಮೊರ್ಗಾನುಗ್ ಎಂಬ ಕಲ್ಲುಕುಟಿಗ ಕವಿ. ಅವನು ಹಳೆಯವೆಂದು ಹೇಳಿದ ಎಷ್ಟೋ ಬರಹಗಳು ಅವನದೇ ಸೃಷ್ಟಿಯೆಂದು ಆಮೇಲೆ ತಿಳಿಯಿತು.

ಇದರಿಂದ ಯಾರಿಗೇನು ನಷ್ಟವೆಂದು ಓದುಗರು ಕೇಳಬಹುದು. ನಾಟಕದ ಕೊಂಬುಗಳಿಂದ ನಷ್ಟವಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ನಾಜಿಗಳು ಪ್ರಾಚೀನ ರೂನ್ ಲಿಪಿಯ ಅಕ್ಷರಗಳನ್ನು ತಮ್ಮ ಸಮವಸ್ತ್ರದ ಮೇಲೆ ಧರಿಸಿ, ಕಟ್ಟುಕಥೆಯ ಒಂದು ಜನಾಂಗವೈಭವವನ್ನು ಇತಿಹಾಸವೆಂದು ಸಾರಿದರು. ಆ ಸುಳ್ಳಿನ ನೆರಳಿನಲ್ಲಿ ಲಕ್ಷಾಂತರ ನಿರಪರಾಧಿಗಳ ಕೊಲೆ ನಡೆಯಿತು. ಪೂರ್ವಿಕರ ಹೆಸರಿನಲ್ಲಿ ಹೇಳಿದ ಮಾತನ್ನು ಪರೀಕ್ಷಿಸದೆ ಒಪ್ಪುವುದು ಅಪಾಯವಿಲ್ಲದ ಕೆಲಸವಲ್ಲ.

ಇಂದು ಹಳೆಯ ದೇವತೆಗಳನ್ನು ಮತ್ತೆ ಪೂಜಿಸುವವರೂ ಇದ್ದಾರೆ. ಐಸ್‌ಲೆಂಡಿನಲ್ಲಿ 1972ರಲ್ಲಿ ಒಬ್ಬ ಕವಿಯ ಮುಂದಾಳುತನದಲ್ಲಿ ಆರಂಭವಾದ ಇಂಥ ಸಂಘಕ್ಕೆ ಮರುವರ್ಷವೇ ಸರ್ಕಾರದ ಮನ್ನಣೆ ದೊರೆಯಿತು. ಸ್ಟೋನ್‌ಹೆಂಜಿನಲ್ಲಿ ಜೂನ್ ಅಯನದಂದು ಆಧುನಿಕ ಡ್ರೂಯಿಡರು ಸೂರ್ಯೋದಯವನ್ನು ಸ್ವಾಗತಿಸುತ್ತಾರೆ. ಹೊಸದಾಗಿ ಹುಟ್ಟಿತೆಂಬ ಕಾರಣಕ್ಕೆ ಒಂದು ಆಚರಣೆ ಹೀನವಾಗದು. ಅದು ತನ್ನ ನಿಜವಾದ ವಯಸ್ಸನ್ನು ಹೇಳಿಕೊಂಡರೆ ಸಾಕು. ನಿಜವಾಗಿಯೂ ಹಳೆಯದಾದುದು ಸಾಮಾನ್ಯವಾಗಿ ಸದ್ದಿಲ್ಲದೆ ಇರುತ್ತದೆ: ಒಂದು ವಾರದ ಹೆಸರಿನಲ್ಲಿ, ಒಂದು ತಿಂಗಳ ಹೆಸರಿನಲ್ಲಿ, ಕಂಚಿನ ಮೇಲೆ ಕೊರೆದ ಒಂದು ಅಧಿಕಮಾಸದಲ್ಲಿ. ಅದನ್ನು ಕಂಡುಹಿಡಿಯಲು ಭಕ್ತಿಯಾಗಲಿ ತಿರಸ್ಕಾರವಾಗಲಿ ಬೇಕಿಲ್ಲ. ಬೇಕಾದುದು ಎಣಿಕೆ, ಹೋಲಿಕೆ ಮತ್ತು ಪ್ರಮಾಣ. ನಮ್ಮ ನಾಡಿನ ಹಬ್ಬಗಳನ್ನೂ ಆಚಾರಗಳನ್ನೂ ವಿದ್ಯಾರ್ಥಿಗಳು ಇದೇ ಕಣ್ಣಿನಿಂದ ನೋಡಲು ಕಲಿತರೆ, ಅವುಗಳಲ್ಲಿ ಯಾವುದು ಎಷ್ಟು ಹಳೆಯದು, ಎಲ್ಲಿಂದ ಬಂದುದು ಎಂಬುದನ್ನು ತಾವಾಗಿಯೇ ಅರಿತುಕೊಳ್ಳಬಲ್ಲರು.