ಎರಡನೆಯ ಚಳಿಗಾಲಕ್ಕೆ ಕಾಯುವ ಬೀಜ

ಹೆಸರುಕಾಳು ನೆನೆಹಾಕಿದ ಮರುದಿನವೇ ಮೊಳಕೆ ಕಾಣುತ್ತದೆ. ರಾಗಿ ಚೆಲ್ಲಿದರೆ ವಾರದೊಳಗೆ ಮಡಿ ಹಸಿರಾಗುತ್ತದೆ. ಬೀಜವೆಂದರೆ ಹೀಗೇ ಇರಬೇಕು ಎಂದು ನಾವು ನಂಬಿರುವುದು ಪೈರುಗಳನ್ನು ನೋಡಿ. ಎಲ್ಲವೂ ಒಟ್ಟಿಗೆ, ಬೇಗ ಮೊಳೆಯುವ ಈ ಗುಣ ಪೈರಿಗೆ ಬಂದದ್ದು ಸಾವಿರಾರು ವರ್ಷಗಳ ಬೇಸಾಯದಿಂದ. ಕಾಡುಗಿಡದ ಬೀಜ ತನ್ನ ಹೊತ್ತು ನೋಡಿಕೊಂಡು ಏಳುತ್ತದೆ. ನಮ್ಮ ಶ್ರೀಗಂಧದ ಬೀಜ ಬಲಿತ ಮೇಲೆ ಸುಮಾರು ಎರಡು ತಿಂಗಳು ಸುಮ್ಮನಿರುತ್ತದೆ. ತೇಗದ ಕಾಯಿಯನ್ನು ಹಲವು ಸಲ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ನರ್ಸರಿಯವರು ಎಬ್ಬಿಸುತ್ತಾರೆ. ಈ ಅಧ್ಯಾಯದ ಗಿಡ ಅವೆರಡಕ್ಕಿಂತಲೂ ಹೆಚ್ಚು ಕಾಯಿಸುತ್ತದೆ. ಅದಕ್ಕೆ ಒಂದು ಬೇಸಿಗೆ ಬೇಕು, ಅದರ ಹಿಂದೆಯೇ ಒಂದು ಚಳಿಗಾಲವೂ ಬೇಕು.

ಗಿಡದ ಹೆಸರು ಫೊದರ್‌ಗಿಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳ ಪೊದೆಗಿಡ ಇದು. ವಿಚ್ ಹೇಜಲ್ ಇದರ ಕುಟುಂಬದ್ದೇ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಕೆರೊಲಿನಾಗಳಿಂದ ಫ್ಲಾರಿಡಾದ ಉತ್ತರದವರೆಗಿನ ಕರಾವಳಿ ಬಯಲಿನಲ್ಲಿ, ತೇವ ಆರದ ಹುಳಿ ಮರಳುಮಣ್ಣಿನಲ್ಲಿ ಬೆಳೆಯುವುದು ಫೊದರ್‌ಗಿಲ್ಲ ಗಾರ್ಡೇನಿಯೈ. ಎತ್ತರ ಎರಡು ಮೂರು ಅಡಿ. ಅಪಲಾಚಿಯನ್ ಬೆಟ್ಟಗಳಲ್ಲೂ ಅವುಗಳ ತಪ್ಪಲಿನಲ್ಲೂ ಇರುವುದು ಫೊದರ್‌ಗಿಲ್ಲ ಮೇಜರ್. ಅದು ಆಳೆತ್ತರ ಮೀರಿ ಹತ್ತು ಅಡಿಯ ತನಕ ಹೋಗುತ್ತದೆ. ವಸಂತದಲ್ಲಿ, ಎಲೆ ಬಿಡುವ ಮುಂಚೆ ಅಥವಾ ಎಲೆಯ ಜೊತೆಗೇ, ಕೊಂಬೆಯ ತುದಿಯಲ್ಲಿ ಬಿಳಿ ಹೂಗೊಂಚಲು ಬರುತ್ತದೆ. ಹೂವಿಗೆ ದಳವೇ ಇಲ್ಲ. ಕಾಣುವುದೆಲ್ಲ ಕೇಸರದ ಬಿಳಿ ಎಳೆಗಳು, ನಮ್ಮ ಪಾರ್ಕುಗಳ ಬಾಟಲ್ ಬ್ರಷ್ ಮರದ ಹೂವನ್ನು ಗಿಡ್ಡಗೆ ಕತ್ತರಿಸಿ ಬಿಳಿ ಬಣ್ಣ ಬಳಿದ ಹಾಗೆ. ಜೇನಿನ ವಾಸನೆ. ಆದರೂ ತೋಟಗಾರರು ಈ ಗಿಡವನ್ನು ನೆಡುವುದು ಹೂವಿಗಿಂತ ಹೆಚ್ಚಾಗಿ ಅಕ್ಟೋಬರ್, ನವೆಂಬರಿನ ಎಲೆಗಾಗಿ. ಒಂದೇ ಗಿಡದಲ್ಲಿ, ಎಷ್ಟೋ ಸಲ ಒಂದೇ ಎಲೆಯಲ್ಲಿ, ಹಳದಿ, ಕಿತ್ತಳೆ, ಕೆಂಪು ಮೂರೂ ಸೇರುತ್ತವೆ.

ಈ ಬಣ್ಣದ ಕೆಲಸ ನಡೆಯುವುದು ಹೀಗೆ. ಹಗಲು ಗಿಡ್ಡವಾಗಿ ತಂಪು ಏರಿದಂತೆ ಗಿಡ ಎಲೆಯಲ್ಲಿನ ಸಾರಜನಕವನ್ನು ಕಾಂಡಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಪತ್ರಹರಿತ್ತು ಒಡೆಯುತ್ತದೆ. ಹಳದಿ ಮೊದಲಿನಿಂದಲೂ ಎಲೆಯೊಳಗೆ ಇದ್ದದ್ದು, ಹಸಿರು ಸರಿದಾಗ ಕಾಣುತ್ತದೆ. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಆ ವರ್ಣವಸ್ತುವನ್ನು ಗಿಡ ಆಗ ಹೊಸದಾಗಿ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ತಯಾರಿಸುತ್ತದೆ. ಬಿಸಿಲಿನ ಹಗಲು ಸಕ್ಕರೆ ಕೊಡುತ್ತದೆ, ಹಿಮ ಕಟ್ಟದಷ್ಟು ತಂಪಾದ ರಾತ್ರಿ ಅದನ್ನು ಎಲೆಯಲ್ಲೇ ಉಳಿಸುತ್ತದೆ. ಆದ್ದರಿಂದಲೇ ನೆರಳಿನಲ್ಲಿ ನೆಟ್ಟ ಫೊದರ್‌ಗಿಲ್ಲ ಹಳದಿಗೇ ನಿಂತುಬಿಡುತ್ತದೆ. ಮಾವಿನ ಎಳೆ ಚಿಗುರಿನ ತಾಮ್ರಬಣ್ಣಕ್ಕೂ ಈ ಆಂಥೋಸಯನಿನ್ನೇ ಕಾರಣ. ನಮ್ಮಲ್ಲಿ ಅದು ಎಲೆ ಹುಟ್ಟುವಾಗ ಕಾಣುತ್ತದೆ, ಅಲ್ಲಿ ಎಲೆ ಉದುರುವಾಗ.

ಹೆಸರಿನ ಹಿಂದೆ ಇಬ್ಬರು ವೈದ್ಯರಿದ್ದಾರೆ. ಜಾನ್ ಫೊದರ್‌ಗಿಲ್ (1712–1780) ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿದ ಕ್ವೇಕರ್ ಪಂಥದ ವೈದ್ಯ. ಊರಾಚೆಯ ಅಪ್ಟನ್‌ನಲ್ಲಿ ಅವರು ಬೆಳೆಸಿದ ಸಸ್ಯತೋಟದ ಜಾಗ ಇಂದಿನ ವೆಸ್ಟ್ ಹ್ಯಾಮ್ ಪಾರ್ಕ್. ಅಮೆರಿಕದ ಗಿಡಗಳ ಮೇಲೆ ಅವರಿಗಿದ್ದ ಆಸೆ ಎಷ್ಟೆಂದರೆ, ಸಸ್ಯಶೋಧಕ ವಿಲಿಯಂ ಬಾರ್ಟ್ರಮ್ 1773ರಲ್ಲಿ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾಗಳನ್ನು ಸುತ್ತಲು ಹೊರಟಾಗ ಹಣ ಕೊಟ್ಟವರು ಇವರೇ. ಇನ್ನೊಬ್ಬರು ಅಲೆಕ್ಸಾಂಡರ್ ಗಾರ್ಡನ್, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ, ಸಸ್ಯವಿಜ್ಞಾನಿ ಲಿನೇಯಸ್‌ಗೆ ಪತ್ರ ಬರೆಯುತ್ತಿದ್ದವರು. ಗಾರ್ಡೇನಿಯೈ ಜಾತಿಗೂ ಗಾರ್ಡೇನಿಯ ಕುಲಕ್ಕೂ ಇವರದೇ ಹೆಸರು. ನಮ್ಮ ಕಾಡಿನ ಬಿಕ್ಕೆ ಗಿಡ ಗಾರ್ಡೇನಿಯ ಕುಲದ್ದು. ಚಾರ್ಲ್ಸ್‌ಟನ್ನಿನ ವೈದ್ಯರೊಬ್ಬರ ಹೆಸರು ಬಿಕ್ಕೆಯ ಜೊತೆ ನಮ್ಮ ಕಾಡಿಗೂ ಬಂದಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನು ಬೀಜಕ್ಕೆ ಬರೋಣ. ಹೂವಿನ ಜಾಗದಲ್ಲಿ ಗಟ್ಟಿಯಾದ ಪುಟ್ಟ ಕಾಯಿ ಕಟ್ಟುತ್ತದೆ, ಒಳಗೆ ಎರಡು ಬೀಜ. ಬೇಸಿಗೆಯ ಕೊನೆಗೆ ಕಾಯಿ ಒಣಗುತ್ತ ಬಿಗಿದುಕೊಳ್ಳುತ್ತದೆ, ಕೊನೆಗೆ ಬಾಯಿ ಬಿಟ್ಟು ಬೀಜವನ್ನು ದೂರಕ್ಕೆ ಚಿಮ್ಮಿಸುತ್ತದೆ. ಸಿಡಿದ ಮೇಲೆ ಹೋದರೆ ಸಿಗುವುದು ಬರೀ ಸಿಪ್ಪೆ. ಕಾಯಿ ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಲೇ ಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಬೇಕು, ಇಲ್ಲವೇ ಕಾಯಿ ಕೊಯ್ದು ಕಾಗದದ ಚೀಲದಲ್ಲಿಟ್ಟು ಬಾಯಿ ಮಡಚಬೇಕು. ತೆರೆದ ತಟ್ಟೆಯಲ್ಲಿಟ್ಟರೆ ಬೀಜವೆಲ್ಲ ಕೋಣೆಯ ಮೂಲೆ ಸೇರುತ್ತದೆ. ಸಿಕ್ಕ ಬೀಜದಲ್ಲಿ ಒಂದೆರಡನ್ನು ಕೊಯ್ದು ನೋಡಿ. ಒಳಗೆ ಬಿಳಿ ತಿರುಳು ತುಂಬಿದ್ದರೆ ಮುಂದಿನ ಕೆಲಸಕ್ಕೆ ಅರ್ಥ ಉಂಟು.

ಕೊಯ್ದು ನೋಡಿ ಎನ್ನುವುದಕ್ಕೆ ಕಾರಣವಿದೆ. ನರ್ಸರಿಗಳಲ್ಲಿ ಮಾರುವ ಫೊದರ್‌ಗಿಲ್ಲಗಳಲ್ಲಿ ಬಹಳಷ್ಟು ಎರಡೂ ಜಾತಿಗಳ ಮಿಶ್ರತಳಿ. ಪ್ರಸಿದ್ಧವಾದ ಮೌಂಟ್ ಏರಿ ಕೂಡ ಅಂಥದ್ದೇ. ಸಿನ್ಸಿನಾಟಿಯ ಮೌಂಟ್ ಏರಿ ವೃಕ್ಷೋದ್ಯಾನದಲ್ಲಿ ಸಸ್ಯತಜ್ಞ ಮೈಕೆಲ್ ಡರ್ ಆರಿಸಿದ ಗಿಡ ಅದು. ಗಾರ್ಡೇನಿಯೈಗೆ ವರ್ಣತಂತುಗಳ ನಾಲ್ಕು ಸೆಟ್, ಮೇಜರ್‌ಗೆ ಆರು, ಮಿಶ್ರತಳಿಗೆ ಐದು. ಸೆಟ್ಟುಗಳ ಸಂಖ್ಯೆ ಹೀಗೆ ಬೆಸವಾದಾಗ ಜೋಡಿ ಕೂಡುವುದು ತಪ್ಪುತ್ತದೆ, ಬೀಜ ಜೊಳ್ಳಾಗುವ ಸಂಭವ ಹೆಚ್ಚು. ಬೀಜಕ್ಕಾಗಿ ತಾಯಿಗಿಡ ಆರಿಸುವವರು ಶುದ್ಧ ಜಾತಿಯ ಗಿಡವನ್ನೇ ಹುಡುಕಬೇಕು. ಸಸ್ಯೋದ್ಯಾನಗಳಲ್ಲಿ ಹೆಸರಿನ ಫಲಕವಿರುವುದರಿಂದ ಅಲ್ಲಿ ವಿಚಾರಿಸುವುದು ಸುಲಭ.

ಸೆಪ್ಟೆಂಬರಿನಲ್ಲಿ ನೆಲಕ್ಕೆ ಬಿದ್ದ ಬೀಜದ ಗತಿ ನೋಡಿ. ಹೊರಸಿಪ್ಪೆ ಗಟ್ಟಿ, ಒಳಗಿನ ಭ್ರೂಣಕ್ಕೆ ಇನ್ನೂ ತಯಾರಿಯಿಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಚಳಿ ಶುರು. ಆ ಮೊದಲ ಚಳಿಗಾಲ ಬೀಜದ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಚಳಿಯ ಮುಂಚೆ ಆಗಬೇಕಾದ ಬೆಚ್ಚನೆಯ, ತೇವದ ದಿನಗಳು ಅದಕ್ಕೆ ಸಿಕ್ಕೇ ಇಲ್ಲ. ಮುಂದಿನ ವಸಂತ, ಬೇಸಿಗೆ ಪೂರ್ತಿ ಅದು ಒದ್ದೆ ತರಗೆಲೆಯಡಿ ಬಿದ್ದಿರುತ್ತದೆ. ಸಿಪ್ಪೆ ಸಡಿಲವಾಗುತ್ತದೆ, ಒಳಗೆ ಬೆಳವಣಿಗೆ ಸಾಗುತ್ತದೆ. ಎರಡನೆಯ ಚಳಿಗಾಲ ಮೊಳಕೆಯನ್ನು ತಡೆದಿದ್ದ ಒಳಗಿನ ಕಟ್ಟನ್ನು ಬಿಚ್ಚುತ್ತದೆ. ಅದಾದ ಮೇಲಿನ ವಸಂತದಲ್ಲಿ ಮೊಳಕೆ. ಸೆಪ್ಟೆಂಬರಿನ ಬೆಚ್ಚಗಿನ ಮಳೆಗೇ ಮೊಳೆತುಬಿಟ್ಟಿದ್ದರೆ ಎಳೆ ಸಸಿ ಮೊದಲ ಹಿಮಕ್ಕೇ ಸಾಯುತ್ತಿತ್ತು. ಈ ತಡ ಗಿಡವನ್ನು ಉಳಿಸಿದ ಗುಣ. ಬೀಜ ಸತ್ತಿದೆ ಎಂದು ಒಂದು ವರ್ಷಕ್ಕೆ ಕುಂಡ ಕೊಡವಿ ಹಾಕುವವರು ಬದುಕಿರುವ ಬೀಜವನ್ನೇ ಚೆಲ್ಲುತ್ತಿರುತ್ತಾರೆ.

ಮನೆಯಲ್ಲಿ ಮಾಡುವವರು ಈ ಎರಡು ಋತುಗಳನ್ನು ತಾವೇ ಒದಗಿಸಬಹುದು. ಪೀಟ್ ಮತ್ತು ಮರಳನ್ನು ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಮಾಡಿ, ಬೀಜ ಸೇರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ. ಹೊರಗೆ ಜಾತಿಯ ಹೆಸರು, ತಾರೀಖು ಬರೆಯಿರಿ. ಚೀಲ ಮೊದಲು ಮನೆಯೊಳಗೆ, 20–25 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇರಲಿ: ಗಾರ್ಡೇನಿಯೈಗೆ ಸುಮಾರು ಆರು ತಿಂಗಳು, ಮೇಜರ್‌ಗೆ ಹೆಚ್ಚುಕಡಿಮೆ ಒಂದು ವರ್ಷ. ಆಮೇಲೆ ಫ್ರಿಜ್ಜಿನಲ್ಲಿ, 4–5 ಡಿಗ್ರಿಯಲ್ಲಿ ಮೂರು ತಿಂಗಳು, ಫ್ರೀಜರಿನಲ್ಲಿ ಬೇಡ. ತಿಂಗಳಿಗೊಮ್ಮೆ ಚೀಲ ಬಿಚ್ಚಿ ಬೂಸಲು ಬಂದಿದೆಯೇ, ಮಿಶ್ರಣ ಒಣಗಿದೆಯೇ ನೋಡಿ. ಒಣಗಿದರೆ ಅದುವರೆಗಿನ ಕಾಯುವಿಕೆ ವ್ಯರ್ಥ.

ಇದಕ್ಕಿಂತ ಸರಳವಾದ ದಾರಿ, ನನ್ನ ಮಟ್ಟಿಗೆ ಒಳ್ಳೆಯ ದಾರಿ, ಬೀಜವನ್ನು ಕೊಯ್ದ ಕೂಡಲೇ ಕುಂಡದಲ್ಲಿ ಬಿತ್ತಿ, ಇಲಿ, ಅಳಿಲು ಕೆದಕದಂತೆ ಮೇಲೆ ಜಾಲರಿ ಹೊದಿಸಿ, ತೋಟದ ನೆರಳಿನ ಮೂಲೆಯಲ್ಲಿಟ್ಟು ಎರಡನೆಯ ವಸಂತದವರೆಗೂ ತೇವ ಆರದಂತೆ ನೋಡಿಕೊಳ್ಳುವುದು. ಋತುಗಳನ್ನು ಅಲ್ಲಿನ ಹವೆಯೇ ಕೊಡುತ್ತದೆ, ಮೊಳಕೆಯೂ ಸರಿಯಾದ ತಿಂಗಳಲ್ಲೇ ಏಳುತ್ತದೆ. ಫ್ರಿಜ್ಜಿನ ಲೆಕ್ಕದಲ್ಲಿ ಮೇಜರ್ ಸಸಿ ಡಿಸೆಂಬರಿನಲ್ಲಿ ಕಣ್ಣುಬಿಟ್ಟರೆ, ಹೊರಗೆ ಕೊರೆಯುವ ಚಳಿಯಿರುವಾಗ ಅದನ್ನು ಕಿಟಕಿಯ ಬಳಿ ದೀಪ ಹಚ್ಚಿ ಸಾಕಬೇಕಾಗುತ್ತದೆ.

ಮೊಳೆತ ಸಸಿಗೆ ಹುಳಿ ಮಣ್ಣು ಬೇಕು. ಪಿಎಚ್ 5ರಿಂದ 6 ಇದ್ದರೆ ಚೆನ್ನ. ಸುಣ್ಣದ ಅಂಶವಿರುವ ಮಣ್ಣಿನಲ್ಲಾಗಲಿ ಗಡಸುನೀರಿನಲ್ಲಾಗಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಳೆನೀರು ಹಿಡಿದಿಟ್ಟು ಹಾಕುವುದು ಉತ್ತಮ. ಮೊದಲ ಬೇಸಿಗೆ ಅರೆನೆರಳು, ಮೊದಲ ಚಳಿಗಾಲ ಕುಂಡದ ಬೇರು ಹೆಪ್ಪುಗಟ್ಟದಂತೆ ತರಗೆಲೆಯ ಹೊದಿಕೆ. ಬೆಳವಣಿಗೆ ನಿಧಾನ. ಗೊಬ್ಬರ ಸುರಿದು ಓಡಿಸಲು ಹೋಗಬೇಡಿ.

ಇಷ್ಟು ಕಾಯುವ ಬದಲು ಕಡ್ಡಿ ನೆಡಬಾರದೇ? ನೆಡಬಹುದು. ಬೇಸಿಗೆಯ ಮೊದಲಲ್ಲಿ ತೆಗೆದ ಎಳೆ ಕಡ್ಡಿ ಚೆನ್ನಾಗಿಯೇ ಬೇರು ಬಿಡುತ್ತದೆ. ಮೊದಲ ಚಳಿಗಾಲ ಕಳೆದು ಹೊಸ ಚಿಗುರು ಬರುವವರೆಗೆ ಅದನ್ನು ಕಿತ್ತು ಬೇರೆಡೆ ನೆಡಬಾರದು, ಅಷ್ಟೆ. ಆದರೆ ಕಡ್ಡಿಯಿಂದ ಬಂದದ್ದು ತಾಯಿಗಿಡದ ಪಡಿಯಚ್ಚು. ನರ್ಸರಿಗಳು ಒಂದೇ ತಳಿಯನ್ನು ಕಡ್ಡಿಯಿಂದ ಬೆಳೆಸುತ್ತ ಹೋದ ಹಾಗೆ ಬೀದಿ ಬೀದಿಯಲ್ಲೂ ಒಂದೇ ಗಿಡ, ಒಂದೇ ಬಣ್ಣ. ಬೀಜದ ಸಸಿಗಳಲ್ಲಿ ಒಂದು ಕಡುಗೆಂಪಾದರೆ ಪಕ್ಕದ್ದು ಬರೀ ಹಳದಿ, ಮತ್ತೊಂದು ಹತ್ತು ದಿನ ತಡವಾಗಿ ಕಿತ್ತಳೆಗೆ ತಿರುಗುತ್ತದೆ. ಯಾವುದಕ್ಕೆ ಯಾವ ಬಣ್ಣ ಎಂದು ಸಸಿಯನ್ನು ನೋಡಿ ಹೇಳಲಾಗದು. ಹೊಸ ಬಣ್ಣ, ಹೊಸ ತಾಳಿಕೆ ಹುಟ್ಟುವುದು ಹೆಚ್ಚಾಗಿ ಬೀಜದಲ್ಲೇ. ಪ್ರಸಿದ್ಧ ತಳಿಗಳ ಮೂಲವೂ ಯಾವುದೋ ಒಂದು ಬೀಜವೇ.

ಬೆಂಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಇದನ್ನು ನೆಡುವ ಪ್ರಯತ್ನ ಬೇಡ. ವಾರಗಟ್ಟಲೆ ನಿಲ್ಲುವ ಚಳಿ ಇಲ್ಲದ ಕಡೆ ಇದು ಬಾಳುವ ಗಿಡವಲ್ಲ. ರಾಲಿ, ಷಾರ್ಲಟ್, ಅಟ್ಲಾಂಟಾ ಕಡೆ ಮನೆ ಮಾಡಿಕೊಂಡಿರುವ ಕನ್ನಡದವರಿಗೆ ಇದು ಹಿತ್ತಲಿನ ಸ್ಥಳೀಯ ಗಿಡ. ಅಲ್ಲಿನವರಲ್ಲಿ ಒಂದು ಕೋರಿಕೆ: ಕರಾವಳಿಯ ಜೌಗುನೆಲಗಳನ್ನು ಬಸಿದು ಹೊಲ, ನೆಡುತೋಪು ಮಾಡಿದ್ದರಿಂದ ಗಾರ್ಡೇನಿಯೈನ ನೆಲೆ ಬಹಳ ಕುಗ್ಗಿದೆ. ಕಾಡಿನ ಗಿಡದಿಂದ ಬೀಜ ಕೀಳಬೇಡಿ, ಗಿಡವನ್ನಂತೂ ಅಗೆಯಲೇಬೇಡಿ. ಸಸ್ಯೋದ್ಯಾನದಿಂದಲೋ ಸ್ಥಳೀಯ ಗಿಡಗಳ ನರ್ಸರಿಯಿಂದಲೋ ಹೆಸರು ಖಚಿತವಿರುವ ಬೀಜ ತನ್ನಿ, ಕುಂಡದ ಮೇಲೆ ಬಿತ್ತಿದ ತಾರೀಖು ಬರೆದಿಡಿ, ಎರಡನೆಯ ವಸಂತ ಕಳೆಯುವ ತನಕ ಆ ಮಣ್ಣನ್ನು ಚೆಲ್ಲಬೇಡಿ.