ದನಿ ಬಂದೀತೆಂದು ಕಾಯುವ ಮುನ್ನ

ಥೈರಾಯ್ಡ್ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರ ದನಿ ಒಡೆದಿದ್ದರೆ 'ಸ್ವಲ್ಪ ದಿನ ಹೋದರೆ ಸರಿಹೋಗುತ್ತೆ' ಎನ್ನುವುದು ವಾಡಿಕೆ. ಬಹುಪಾಲು ಮಂದಿಗೆ ಆ ಮಾತು ನಿಜವೂ ಹೌದು. ಅರಿವಳಿಕೆಗೆಂದು ಗಂಟಲಿಗಿಳಿಸಿದ ಕೊಳವೆ ಉಜ್ಜಿ ಬಂದ ಒರಟುತನ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೆ ಅದನ್ನೇ ನೆಚ್ಚಿ, ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಕೂರುವುದು ಸರಿಯಲ್ಲ. ಹಿರಿಯೂರು ಪಕ್ಕದ ಬಬ್ಬೂರಿನಂಥ ಊರಿನಲ್ಲಂತೂ ಅದು ದುಬಾರಿ. ಸಂತೆಯಲ್ಲಿ ಕೂಗಿ ಮಾರುವವರಿಗೆ, ಹೊಲದ ಆಚೆ ಬದಿಗೆ ಕೇಳುವಂತೆ ಕರೆಯಬೇಕಾದವರಿಗೆ, ಶಾಲೆಯ ಮೇಷ್ಟ್ರಿಗೆ ದನಿಯೇ ದುಡಿಮೆ. ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟು ಹಾಡಿದವರು. ಇಂಥ ಸೀಮೆಯಲ್ಲಿ ದನಿಯ ಕಾಯಿಲೆಯನ್ನು ಸಣ್ಣದೆನ್ನಲಾಗದು.

ಧ್ವನಿತಂತುಗಳನ್ನು ಆಡಿಸುವ ನರದ ದಾರಿಯೇ ವಿಚಿತ್ರ. ಅದು ಎದೆಯತ್ತ ಇಳಿದು, ಎಡಗಡೆ ಮಹಾಪಧಮನಿಯನ್ನೂ ಬಲಗಡೆ ತೋಳಿಗೆ ಹೋಗುವ ರಕ್ತನಾಳವನ್ನೂ ಬಳಸಿ ಮತ್ತೆ ಮೇಲೇರಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿದಂತೆ ಹಾಯುತ್ತದೆ. ಕತ್ತರಿ ತಾಗಬೇಕೆಂದಿಲ್ಲ, ಎಳೆತಕ್ಕೆ, ಊತಕ್ಕೆ ಸಿಕ್ಕರೂ ನರ ಮಂಕಾಗುತ್ತದೆ. ಆಗ ಆ ಬದಿಯ ತಂತು ನಡುವಿಗೆ ಬಂದು ಕೂಡುವುದಿಲ್ಲ, ಸಂದಿನಲ್ಲಿ ಉಸಿರು ಸೋರುತ್ತದೆ. ಆರೋಗ್ಯವಂತರು ಒಂದೇ ಉಸಿರಿಗೆ 'ಆ' ಎಂದು 15 ಸೆಕೆಂಡಿಗಿಂತ ಹೆಚ್ಚು ಎಳೆಯಬಲ್ಲರು. ಇವರಿಗೆ ಐದಾರು ಸೆಕೆಂಡಿಗೇ ಉಸಿರು ಮುಗಿಯಬಹುದು. ನೀರು ಕುಡಿದರೆ ಕೆಮ್ಮು ಬರುತ್ತದೆ. ಇನ್ನೊಂದು ಸಣ್ಣ ನರ ಗ್ರಂಥಿಯ ಮೇಲ್ತುದಿಯಲ್ಲಿದೆ. ಅದು ಸೋತರೆ ಮಾತು ನೆಟ್ಟಗಿರುತ್ತದೆ, ತಾರಸ್ವರ ಮಾತ್ರ ಏರುವುದಿಲ್ಲ. 1935ರಲ್ಲಿ ಗಳಗಂಡದ ಶಸ್ತ್ರಚಿಕಿತ್ಸೆಯಾದ ಇಟಲಿಯ ಗಾಯಕಿ ಅಮೆಲಿಟಾ ಗಲ್ಲಿ-ಕುರ್ಚಿಯ ಕಂಠ ಕೆಟ್ಟದ್ದು ಇದರಿಂದಲೇ ಎಂಬ ಕಥೆ ಬಹುಕಾಲ ನಡೆಯಿತು. ಅವಳ ದನಿ ಅದಕ್ಕೂ ಮೊದಲೇ ಇಳಿಯುತ್ತಿತ್ತೆಂದು ಮುಂದೆ ವೈದ್ಯರು ವಾದಿಸಿದರು. ಮೊದಲು ದನಿ ಹೇಗಿತ್ತೆಂದು ತಿಳಿಯದೆ ಆಪರೇಷನ್ನನ್ನು ದೂರಲಾಗದು. ಆದ್ದರಿಂದಲೇ ಅದಕ್ಕೆ ಮುಂಚೆಯೂ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿಸಿಕೊಳ್ಳಬೇಕು.

ನರ ತಾನಾಗಿ ಚೇತರಿಸಿಕೊಳ್ಳಲು ಆರು ತಿಂಗಳಿಂದ ವರ್ಷದವರೆಗೆ ಬೇಕಲ್ಲ, ಅಷ್ಟು ಬೇಗ ಹೋಗಿ ಮಾಡುವುದೇನು ಎನ್ನಬಹುದು. ತಂತುವನ್ನು ಶಾಶ್ವತವಾಗಿ ನಡುವಿಗೆ ಸರಿಸುವ ಶಸ್ತ್ರಕ್ರಿಯೆಗೆ ಆ ಕಾಯುವಿಕೆ ಸರಿ. ಪರೀಕ್ಷೆಗೆ, ಧ್ವನಿ ಚಿಕಿತ್ಸೆಗೆ ಅದು ಅನ್ವಯಿಸದು. ಕಾಯುವ ಅವಧಿಯಲ್ಲೇ ತಂತುವಿಗೆ ತಾತ್ಕಾಲಿಕ ಇಂಜೆಕ್ಷನ್ ಕೊಟ್ಟು ಸಂದು ಮುಚ್ಚಿಸಬಹುದು. ಸುಮ್ಮನೆ ಬಿಟ್ಟರೆ ರೋಗಿ ಒತ್ತಿ ಒತ್ತಿ ಮಾತಾಡುವ ಚಾಳಿ ಕಲಿಯುತ್ತಾರೆ, ನರ ಮರಳಿದರೂ ಆ ಚಾಳಿ ಉಳಿದುಬಿಡಬಹುದು. ಇಷ್ಟು ಕೇಳಿದವರು ಆಪರೇಷನ್ನಿಗೇ ಹೆದರಿಯಾರೆಂಬ ಆತಂಕವೂ ಇದೆ. ನುರಿತ ಕೈಗಳಲ್ಲಿ ಶಾಶ್ವತ ಹಾನಿ ನೂರಕ್ಕೆ ಒಂದೆರಡು ಮಾತ್ರ. ಕ್ಯಾನ್ಸರ್ ಗಂಟನ್ನು ಹಾಗೇ ಬಿಟ್ಟರೆ ಆ ಗಂಟೇ ನರವನ್ನು ಹಿಡಿಯಬಹುದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ರಾಜ್ಯದಲ್ಲೇ ಇದೆ. ಬಬ್ಬೂರಿನವರಿಗೆ ಅದು ದೂರವಾದರೂ ಚಿತ್ರದುರ್ಗದ ಕಿವಿ, ಮೂಗು, ಗಂಟಲು ತಜ್ಞರು ದೂರವಿಲ್ಲ. ಎರಡು ವಾರ ಕಳೆದರೂ ದನಿ ಬಾರದಿದ್ದರೆ ಹೋಗಿ ತೋರಿಸಿ. ಉಸಿರಾಡುವಾಗ ಗೊರಗೊರ ಸದ್ದಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ.