ನಿಮಗಿದು ಗೊತ್ತೆ? ದೂರ ತೋರಿಸದ ಲಂಡನ್ ನಕ್ಷೆ

ಲಂಡನ್ನಿನ ನೆಲದಡಿ ರೈಲಿನ ಬಣ್ಣಬಣ್ಣದ ನಕ್ಷೆ ನೋಡಿ ಯಾವ ನಿಲ್ದಾಣ ಎಷ್ಟು ದೂರ ಎಂದು ಲೆಕ್ಕ ಹಾಕಬೇಡಿ. ಅದು ಅಳತೆಗೆ ತಕ್ಕಂತೆ ಬರೆದದ್ದಲ್ಲ! 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರ ಊರಿನ ಅಂಕುಡೊಂಕುಗಳನ್ನೆಲ್ಲ ಬಿಟ್ಟು, ಬರೀ ನೇರ ಮತ್ತು ಓರೆ ಗೆರೆಗಳಲ್ಲಿ ಇದನ್ನು ರೂಪಿಸಿದರು. ನೋಡಲು ವಿದ್ಯುತ್ ಸರ್ಕ್ಯೂಟಿನ ಚಿತ್ರದಂತಿತ್ತು. ತೀರಾ ವಿಚಿತ್ರವೆಂದು ರೈಲು ಸಂಸ್ಥೆ ಮೊದಲು ಒಪ್ಪಲಿಲ್ಲ. 1933ರಲ್ಲಿ ಅಚ್ಚಾದಾಗ ಜನ ಮುಗಿಬಿದ್ದರು. ಎಲ್ಲಿ ಹತ್ತಬೇಕು, ಎಲ್ಲಿ ಗಾಡಿ ಬದಲಿಸಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತಲ್ಲ! ಜಗತ್ತಿನ ಎಷ್ಟೋ ಮೆಟ್ರೊ ನಕ್ಷೆಗಳಿಗೆ ಇದೇ ಮಾದರಿ.

ಆದರೆ ದೂರ ತಿಳಿಯದೆ ಹೊಸಬರು ಎಡವುವುದೂ ಈ ನಕ್ಷೆಯಲ್ಲೇ. ಲೆಸ್ಟರ್ ಸ್ಕ್ವೇರ್ ನಿಲ್ದಾಣದಿಂದ ಕೊವೆಂಟ್ ಗಾರ್ಡನ್ ನಿಲ್ದಾಣಕ್ಕೆ ಇರುವುದು ಸುಮಾರು 260 ಮೀಟರ್ ಅಷ್ಟೆ. ಇಷ್ಟಕ್ಕೂ ಟಿಕೆಟ್ ದರ ಪೂರ್ತಿ, ಏಕೆಂದರೆ ದರ ನಿಗದಿಯಾಗುವುದು ವಲಯದ ಲೆಕ್ಕದಲ್ಲಿ. ಕೊವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹಿಡಿದರೆ 193 ಮೆಟ್ಟಿಲು, ಅದೂ ಸುರುಳಿ ಸುತ್ತುತ್ತ! ಮೇಲೆಯೇ ನಡೆದು ಹೋಗುವುದು ಎಷ್ಟೋ ವಾಸಿ. ದಾರಿಯುದ್ದಕ್ಕೂ ಅಂಗಡಿ, ನಾಟಕಶಾಲೆ ನೋಡಬಹುದು.

ನಡೆಯಲಾರದೆ ಲಂಡನ್ನಿನ ಬಸ್ಸು ಹತ್ತುವಿರಾದರೆ, ಅಲ್ಲಿ ನಗದು ನಡೆಯುವುದಿಲ್ಲ, 2014ರಿಂದಲೇ ನಿಂತಿದೆ. ಪ್ರಯಾಣಕ್ಕೆಂದೇ ಇರುವ ಆಯ್‌ಸ್ಟರ್ ಕಾರ್ಡನ್ನೋ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೋ ಹತ್ತುವಾಗ ತಾಗಿಸಿದರಾಯಿತು, ಇಳಿಯುವಾಗ ಬೇಡ. ರೈಲಿನಲ್ಲಿ ಮಾತ್ರ ಒಳಹೋಗುವಾಗಲೂ ಹೊರಬರುವಾಗಲೂ ಅದೇ ಕಾರ್ಡನ್ನು ತಾಗಿಸಬೇಕು, ಇಲ್ಲವಾದರೆ ಹೆಚ್ಚು ಹಣ ಕಡಿತವಾಗುತ್ತದೆ. ಸರಿಯಾಗಿ ತಾಗಿಸುತ್ತ ಬಂದರೆ ದಿನದ ಗರಿಷ್ಠ ಮಿತಿ ಮುಟ್ಟಿದ ಮೇಲೆ ಎಷ್ಟು ಸುತ್ತಿದರೂ ಹಣ ಹೋಗುವುದಿಲ್ಲ. ಗಂಡ ಹೆಂಡತಿ ಜೊತೆಯಲ್ಲಿದ್ದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು.